ಉಳ್ಳಾಲದ ಸೊಕೊಲೋವ್

ಜಿದ್ದಾ: ತಿರುಗಿ ನೋಡಿದವರು ಇಬ್ಬರು

ಜಿದ್ದಾದ ವಿಮಾನ ನಿಲ್ದಾಣದಲ್ಲಿ ಅಕ್ಕ ಜುಬೈದಾ ನನ್ನನ್ನು ಕಂಡದ್ದೇ ತಡ, ಎರಡೂ ಕೈ ಹಿಡಿದುಕೊಂಡು "ಎಂತ ಅಜೀಜ, ಇಷ್ಟು ತೆಳ್ಳಗಾದದ್ದು?" ಎಂದಳು. ಇದು ಶುದ್ಧ ಸುಳ್ಳು. ನನ್ನ ಹೊಟ್ಟೆ ನನಗಿಂತ ಒಂದು ಹೆಜ್ಜೆ ಮುಂಚೆಯೇ ಸೌದಿ ಅರೇಬಿಯಾ ಪ್ರವೇಶಿಸಿತ್ತು. ಆದರೆ ಅಕ್ಕಂದಿರ ಕಣ್ಣಿಗೆ ಯಾವ ಕನ್ನಡಕವೂ ಸಾಲುವುದಿಲ್ಲ. ಪುತ್ತೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವನಾದ್ದರಿಂದ ಇದನ್ನು ಅಧಿಕಾರದಿಂದಲೇ ಹೇಳುತ್ತಿದ್ದೇನೆ.

ಭಾವ ತಳ್ಳುಗಾಡಿ ತರಲು ಹೋಗಿದ್ದರು. ಜನಜಂಗುಳಿಯಲ್ಲಿ ಅವರು ಕಾಣಿಸಲಿಲ್ಲ. ಅಕ್ಕ ಕಾಲ ತುದಿಯಲ್ಲಿ ನಿಂತು ಗಟ್ಟಿಯಾಗಿ ಕೂಗಿದಳು. "ಸೊಕೊಲೋವ್! ಓ ಸೊಕೊಲೋವ್!"

ಇಬ್ಬರು ತಿರುಗಿ ನೋಡಿದರು. ಒಬ್ಬರು ರಷ್ಯಾದಿಂದ ಉಮ್ರಾ ಯಾತ್ರೆಗೆ ಬಂದಿದ್ದ ತಂಡದ ಮುದುಕರು. ಕೊರಳಲ್ಲಿ ತಂಡದ ಹಸಿರು ಪಟ್ಟಿ, ಹುಬ್ಬುಗಳು ಹತ್ತಿಯಷ್ಟು ಬೆಳ್ಳಗೆ. ಇನ್ನೊಬ್ಬರು ನಮ್ಮ ಭಾವ. ಪರದೇಶದಲ್ಲಿ ತಮ್ಮ ಕಡೆಯವರ ಹೆಸರು ಕೇಳಿಸಿದ್ದಕ್ಕೆ ಮುದುಕರಿಗೆ ಹಿಗ್ಗೋ ಹಿಗ್ಗು. ಹತ್ತಿರ ಬಂದು, "ಸೊಕೊಲೋವ್? ಎಲ್ಲಿ?" ಎಂದು ಕೈಸನ್ನೆಯಲ್ಲಿ ಕೇಳಿದರು. ಭಾವ ತಳ್ಳುಗಾಡಿ ನಿಲ್ಲಿಸಿ ತಮ್ಮ ಎದೆ ಮುಟ್ಟಿಕೊಂಡರು. ಮುದುಕರು ಭಾವನ ಕಪ್ಪು ಮುಖವನ್ನೂ ಗುಂಗುರು ಗಡ್ಡವನ್ನೂ ಸಾವಕಾಶವಾಗಿ ಪರೀಕ್ಷಿಸಿದರು.

"ಮಾಸ್ಕೋ?"

"ಉಳ್ಳಾಲ," ಎಂದರು ಭಾವ.

ಉಳ್ಳಾಲ ಎಂದರೆ ಮಾಸ್ಕೋದಿಂದ ಮೂರು ಸ್ಟೇಷನ್ ಆಚೆ ಎಂಬಂತೆ ಮುದುಕರು ತಲೆಯಾಡಿಸಿ, ಕೈ ಕುಲುಕಿ ಹೋದರು.

ನನಗೋ ತಲೆಬುಡ ತಿಳಿಯಲಿಲ್ಲ. ಅಕ್ಕನನ್ನು ಮದುವೆಯಾದವರ ಹೆಸರು ಅಬ್ದುಲ್ ಹಮೀದ್. ಪಾಸ್‌ಪೋರ್ಟಿನಲ್ಲೂ ಇಕಾಮಾ ಎಂಬ ಇಲ್ಲಿಯ ವಾಸದ ಚೀಟಿಯಲ್ಲೂ ಇರುವುದು ಅದೇ. ವರ್ಷಕ್ಕೊಮ್ಮೆ ರಜೆಯಲ್ಲಿ ಊರಿಗೆ ಬಂದಾಗ ಹಿರಿಯರ ಎದುರು ಅಕ್ಕ ಅವರನ್ನು 'ಓಯ್' ಎನ್ನುತ್ತಿದ್ದಳೇ ಹೊರತು ಇಂಥ ಮಂತ್ರ ಉಚ್ಚರಿಸಿದ್ದನ್ನು ನಾನು ಕೇಳಿರಲಿಲ್ಲ.

ರಾಬಿಗ್: ಸ್ವರ ನಿಂತರೆ ಕಾರೂ ನಿಂತಿತು

ಕಾರು ಓಡಿಸಿದ್ದು ಅಕ್ಕ. ಊರಿನಲ್ಲಿ ಸೈಕಲ್ ಮುಟ್ಟಿದರೂ ಬೈಸಿಕೊಳ್ಳುತ್ತಿದ್ದವಳು ಹೆದ್ದಾರಿಯಲ್ಲಿ ಲಾರಿಗಳನ್ನು ಹಿಂದೆ ಹಾಕುತ್ತ ರಾಬಿಗ್‌ಗೆ ಕರೆತಂದಳು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಎಣ್ಣೆ ಕಾರ್ಖಾನೆಯ ಗೋಪುರಗಳು. ಸಮುದ್ರ ಬಹಳ ಸಭ್ಯ. ಉಳ್ಳಾಲದ ಕಡಲಿನಂತೆ ಮಳೆಗಾಲ ಬಂತೆಂದರೆ ಮನೆ ನುಂಗುವ ಚಾಳಿ ಇದಕ್ಕಿಲ್ಲ.

ಮನೆಯ ಗೇಟಿನಲ್ಲಿ ಕಾರನ್ನು ಹಿಂದಕ್ಕೆ ತೆಗೆಯಬೇಕಿತ್ತು. ಭಾವ ಇಳಿದು ಹಿಂದೆ ನಿಂತು, "ಬಾ, ಬಾ, ಬಾ, ಬಾ" ಎನ್ನತೊಡಗಿದರು. ನಡುವೆ ಒಂದು ಸೀನು ಬಂತು. ಕಾರು ಗಕ್ಕನೆ ನಿಂತು ನನ್ನ ತಲೆಯ ಹಿಂಭಾಗ ಸೀಟಿಗೆ ಬಡಿಯಿತು. ಸೀನು ಮುಗಿದು "ಬಾ, ಬಾ" ಮುಂದುವರಿದ ಮೇಲೆ ಕಾರೂ ಮುಂದುವರಿಯಿತು.

"ಜಾಗ ಇತ್ತಲ್ಲ ಅಕ್ಕ, ಯಾಕೆ ನಿಲ್ಲಿಸಿದ್ದು?"

"ಸ್ವರ ನಿಂತಿತಲ್ಲ ಮಾರಾಯ," ಎಂದಳು, ಇದಕ್ಕಿಂತ ದೊಡ್ಡ ಕಾರಣ ಬೇಕೇ ಎನ್ನುವ ಧಾಟಿಯಲ್ಲಿ.

ಊಟದಲ್ಲೂ ಅದೇ ಕಥೆ. ಅಕ್ಕ ಸೌಟು ಹಿಡಿದು ನಿಂತರೆ ಭಾವ "ಹಾಕು, ಹಾಕು, ಹಾಕು" ಎನ್ನುತ್ತಾರೆ. ಅವರ ಬಾಯಿ ನಡೆಯುವಷ್ಟು ಹೊತ್ತು ಮೀನು ಸಾರು ಬೀಳುತ್ತದೆ, ಬಾಯಿ ನಿಂತರೆ ಸೌಟೂ ನಿಲ್ಲುತ್ತದೆ. ಇಬ್ಬರಿಗೂ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ನಾನು ಅಭ್ಯಾಸಬಲದಿಂದ "ಸಾಕು, ಸಾಕು, ಸಾಕು" ಎಂದೆ. ಅಕ್ಕ ಮಾತಿನ ಅರ್ಥ ನೋಡದೆ ಮಾತು ನಡೆಯುತ್ತಿದೆಯೇ ಎಂದಷ್ಟೇ ನೋಡಿ ತಟ್ಟೆ ತುಂಬಿಸಿಬಿಟ್ಟಳು.

ಭಾವ ದುಡಿಯುವುದು ಕ್ರೇನ್‌ಗಳನ್ನು ಬಾಡಿಗೆಗೆ ಕೊಡುವ ಒಂದು ಯಾರ್ಡಿನಲ್ಲಿ. ದೊಡ್ಡ ಭಾರ ಎತ್ತುವಾಗ ಕ್ರೇನಿನ ಚಾಲಕನಿಗೆ ಎಷ್ಟೋ ಸಲ ಭಾರವೇ ಕಾಣುವುದಿಲ್ಲ. ಗೋಡೆಯ ಆಚೆ ಏನು ನಡೆಯುತ್ತಿದೆ ಎನ್ನುವುದನ್ನು ನೆಲದ ಮೇಲೆ ನಿಂತ ಒಬ್ಬರು ವಾಕಿಟಾಕಿಯಲ್ಲಿ ಹೇಳುತ್ತಾರೆ. 'ಇಳಿಸು, ಇಳಿಸು, ಇಳಿಸು' ಎಂದು ಸ್ವರ ಕೇಳುತ್ತಿರುವಷ್ಟು ಹೊತ್ತು ಕೊಕ್ಕೆ ಇಳಿಯುತ್ತಿರುತ್ತದೆ. ಸ್ವರ ನಿಂತ ಕ್ಷಣ ಕೊಕ್ಕೆಯೂ ನಿಲ್ಲಬೇಕು. ಹೇಳುವವನು ಬಿದ್ದಿರಬಹುದು, ಬ್ಯಾಟರಿ ಸತ್ತಿರಬಹುದು, ಏನೇ ಇರಲಿ, ನಿಲ್ಲುವುದೇ ಕ್ಷೇಮ. ಎತ್ತು, ಇಳಿಸು ಎನ್ನುವ ಅಧಿಕಾರ ಆ ಒಬ್ಬರಿಗೆ ಮಾತ್ರ. ನಿಲ್ಲಿಸು ಎಂದು ಯಾರು ಬೇಕಾದರೂ ಕೂಗಬಹುದು, ಚಾ ತರುವವನು ಕೂಡ.

ಆ ಒಬ್ಬರನ್ನು ಆ ಯಾರ್ಡಿನಲ್ಲಿ ಸೊಕೊಲೋವ್ ಎಂದು ಕರೆಯುತ್ತಾರೆ. ಮೊದಲು ಆ ಕೆಲಸದಲ್ಲಿದ್ದವರು ನಿಜವಾಗಿಯೂ ರಷ್ಯಾದ ಒಬ್ಬ ಸೊಕೊಲೋವ್. ಅವರ ಮೊದಲ ಹೆಸರು ಯಾರಿಗೂ ಗೊತ್ತಿಲ್ಲ. ಬೇಸಿಗೆಯಲ್ಲೂ ಬಿಸಿನೀರಿಗೆ ನಿಂಬೆ ಹಿಂಡಿ ಕುಡಿಯುತ್ತಿದ್ದರು, ನಗು ಬಂದರೆ ಬೆನ್ನು ತಿರುಗಿಸಿ ನಗುತ್ತಿದ್ದರು, ಇಷ್ಟೇ ಉಳಿದಿರುವ ಚರಿತ್ರೆ. ಅವರು ಊರಿಗೆ ಹೋದ ಮೇಲೆ ಸುಡಾನಿನ ಬಶೀರ್ ಬಂದರು. ವಾಕಿಟಾಕಿಯ ಚಾನೆಲ್ಲಿನಲ್ಲಿ 'ಬಶೀರ್' ಎಂದರೆ ಮೂರು ಕಡೆಯಿಂದ ಉತ್ತರ ಬರುತ್ತಿತ್ತು. ಅಹ್ಮದ್, ಬಶೀರ್, ಹಮೀದ್‌ಗಳಿಂದ ತುಂಬಿದ ಆ ಯಾರ್ಡಿನಲ್ಲಿ ಬೇರೆ ಯಾರಿಗೂ ಇರಲು ಸಾಧ್ಯವಿಲ್ಲದ ಹೆಸರು ಸೊಕೊಲೋವ್ ಒಂದೇ. ಚಾಲಕರ ಕಿವಿಯೂ ಅದಕ್ಕೆ ಹೊಂದಿಕೊಂಡಿತ್ತು. ಹಾಗಾಗಿ ಬಶೀರ್ ಎರಡನೆಯ ಸೊಕೊಲೋವ್ ಆದರು. ಅವರು ನಜ್ರಾನಿಗೆ ಹೋದಾಗ ಭಟ್ಕಳದ ಶಬ್ಬೀರ್ ಮೂರನೆಯವರಾದರು. ನಾಲ್ಕನೆಯವರು ನಮ್ಮ ಭಾವ.

ಹೆಸರು ದಾಟಿಸಲು ಒಂದು ಕ್ರಮವಿದೆ. ಹಳಬರು ಹೊಸಬರನ್ನು ಚಾನೆಲ್ಲಿನಲ್ಲಿ ಎಲ್ಲರೂ ಕೇಳುವಂತೆ 'ಸೊಕೊಲೋವ್' ಎಂದು ಒಮ್ಮೆ ಕರೆಯಬೇಕು. ಅಲ್ಲಿಂದಾಚೆ ಹಳಬರು ಆ ಹೆಸರಿಗೆ ಓಗೊಡುವ ಹಾಗಿಲ್ಲ.

ಭಾವನ ಕೆಲಸದ ಅವಧಿ ಮುಗಿದು ಊರಿಗೆ ಮರಳುವ ದಿನ ಹತ್ತಿರವಾಗಿತ್ತು. ಅವರ ಜಾಗಕ್ಕೆ ನೂರಾ ಎಂಬ ಸೌದಿ ಎಂಜಿನಿಯರ್ ಹುಡುಗಿಯನ್ನು ಆಫೀಸಿನವರು ಆರಿಸಿಯೂ ಆಗಿತ್ತು. ಕೆಲಸ ಕೊಡುವುದು ಆಫೀಸು, ಹೆಸರು ಕೊಡುವುದು ಭಾವ. ಭಾವ ಇನ್ನೂ ಕೊಟ್ಟಿರಲಿಲ್ಲ.

ಬತ್ಹಾ: ತಿರುಗದ ಮನುಷ್ಯ

ಇದ್ದಕ್ಕಿದ್ದಂತೆ ಭಾವ ರಿಯಾದ್‌ಗೆ ಹೊರಟರು. ಊರಿಗೆ ಒಯ್ಯಲು ಒಳ್ಳೆಯ ಪೆಟ್ಟಿಗೆ ಬೇಕಂತೆ. "ಜಿದ್ದಾದಲ್ಲಿ ಪೆಟ್ಟಿಗೆ ಇಲ್ವಾ?" ಎಂದು ಅಕ್ಕ ಕೇಳಿದ್ದು ಅವರ ಕಿವಿಗೆ ಬೀಳಲಿಲ್ಲ. ಮರಳು ಬಿಟ್ಟರೆ ಮರಳು ಎನ್ನುವಂಥ ದಾರಿಯಲ್ಲಿ ಗಂಡಹೆಂಡತಿ ಸರದಿಯಲ್ಲಿ ಕಾರು ಓಡಿಸಿದರು. ನಾನು ಸರದಿ ಇಲ್ಲದೆ ನಿದ್ದೆ ಮಾಡಿದೆ.

ಬತ್ಹಾ ರಿಯಾದಿನ ಹಳೆಯ ಪೇಟೆ. ಊರಿಗೆ ಹಣ ಕಳಿಸುವ ಅಂಗಡಿಗಳು, ಬಸ್ಸುಗಳು, ಬ್ಯಾಚುಲರ್ ರೂಮುಗಳ ಕಿಟಕಿಯಲ್ಲಿ ಒಣಗುವ ಲುಂಗಿಗಳು. ಅಲ್ಲಿ ನಿಂತು ಕಣ್ಣು ಮುಚ್ಚಿದರೆ ಮಂಗಳೂರಿನ ಬಂದರು ಪೇಟೆ, ತೆರೆದರೆ ಅದರ ಅಣ್ಣ. ಮೂರನೆಯ ಸೊಕೊಲೋವ್ ಆಗಿದ್ದ ಶಬ್ಬೀರ್ ಸಾಹೇಬರು ಪೆಟ್ಟಿಗೆ ಮಾರುವ ಅಂಗಡಿ ಒಂದು ಓಣಿಯ ತುದಿಯಲ್ಲಿತ್ತು. ಅವರು ನಮಗೆ ಬೆನ್ನು ಹಾಕಿ ಗಿರಾಕಿಯೊಬ್ಬನಿಗೆ ಬೀಗದ ಮಹಿಮೆ ಹೇಳುತ್ತಿದ್ದರು. ನನಗೆ ತುಂಟತನ ಹುಟ್ಟಿತು. ಬಾಗಿಲಲ್ಲೇ ನಿಂತು "ಸೊಕೊಲೋವ್!" ಎಂದು ಕೂಗಿದೆ.

ಶಬ್ಬೀರ್ ಸಾಹೇಬರು ಅಲ್ಲಾಡಲಿಲ್ಲ. ನನ್ನ ಪಕ್ಕದಲ್ಲಿದ್ದ ಭಾವ "ಹಾಂ?" ಎಂದರು.

ಗಿರಾಕಿಯನ್ನು ಕಳಿಸಿದ ಮೇಲೆ ಸಾಹೇಬರು ನಮ್ಮನ್ನು ಪೆಟ್ಟಿಗೆಗಳ ಮೇಲೆಯೇ ಕೂರಿಸಿ ಚಾ ತರಿಸಿದರು. "ಕೇಳಿಸ್ತು ಸಾಹೇಬ್ರೆ, ಕಿವಿ ಚೆನ್ನಾಗಿಯೇ ಉಂಟು," ಎಂದರು ನನಗೆ. "ಕೊಟ್ಟ ಹೆಸರು ಬಿದ್ದ ಹಲ್ಲಿನ ಹಾಗೆ. ನಾಲಿಗೆ ದಿನಾ ಅಲ್ಲಿಗೇ ಹೋಗ್ತದೆ. ಆದ್ರೆ ಅಲ್ಲಿ ಎಂತದೂ ಇಲ್ಲ. ರಾಬಿಗ್‌ನಲ್ಲೇ ಇದ್ದಿದ್ರೆ ಒಂದು ದಿನ ಬಾಯಿ ತಪ್ಪಿ ಉತ್ತರ ಕೊಡ್ತಿದ್ದೆ. ಅದಕ್ಕೇ ಇಷ್ಟು ದೂರ ಬಂದು ಅಂಗಡಿ ಇಟ್ಟದ್ದು."

ಭಾವ ಒಂದು ಪೆಟ್ಟಿಗೆಯ ಜಿಪ್ಪನ್ನು ಆಚೆ ಈಚೆ ಎಳೆಯುತ್ತ, "ಆ ಹುಡುಗಿಗೆ ಕೊಡಬಹುದಾ, ಎಂತ ಹೇಳ್ತೀರಿ?" ಎಂದರು.

"ಕೈ ಹೇಗೆ ಅವಳದ್ದು?"

"ಕೈ ಒಳ್ಳೇದು. ಲೆಕ್ಕ ಪಕ್ಕಾ. ಸ್ವರವೂ ನಡುಗುವುದಿಲ್ಲ."

"ಮತ್ತೆಂತ? ನೀನು ಭಟ್ಕಳದವನಾ ಅಂತ ಬಶೀರ್ ನನ್ನನ್ನು ಕೇಳ್ಲಿಲ್ಲ. ನೀನು ಉಳ್ಳಾಲದವನಾ ಅಂತ ನಾನು ನಿನ್ನನ್ನು ಕೇಳ್ಲಿಲ್ಲ." ಸಾಹೇಬರು ಜಿಪ್ಪನ್ನು ಭಾವನ ಕೈಯಿಂದ ಬಿಡಿಸಿಕೊಂಡರು. "ಅವಳ ಮಾತು ಬಿಡು ಹಮೀದ್. ಕೊಡ್ಲಿಕ್ಕೆ ನೀನು ತಯಾರಿದ್ದೀಯಾ?"

ಭಾವ ಚಾದ ಲೋಟ ಕೆಳಗಿಟ್ಟು ಎದ್ದರು. ಪೆಟ್ಟಿಗೆ ಕೊಳ್ಳಲಿಲ್ಲ.

ವಾಪಸು ಬರುವಾಗ ಭಾವ ನಮಾಜಿಗೆಂದು ಇಳಿದಿದ್ದ ಹೊತ್ತಿನಲ್ಲಿ ಅಕ್ಕ ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡು ಮನಸ್ಸಿನಲ್ಲಿದ್ದದ್ದನ್ನು ಹೇಳಿದಳು. "ಇವರಿಗೆ ಹೆದರಿಕೆ ಅಜೀಜ. ಹೆಸರು ಕೊಟ್ಟರೆ ಮತ್ತೆ ತಾನು ಎಂತದೂ ಅಲ್ಲ ಅಂತ. ನನಗೆ ಬೇರೆ ಹೆದರಿಕೆ. ಆ ಹೆಸರು ಹೋದ ಮೇಲೆ ಇವರನ್ನು ನಾನು ಎಂತ ಅಂತ ಕರೆಯುವುದು?"

ಇದು ನಗುವ ವಿಷಯವಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಎಂದು ನಮ್ಮ ಉಮ್ಮ ನಂಬಿದ್ದಳು. ರೇಷನ್ ಅಂಗಡಿಯಲ್ಲಿ "ಯಜಮಾನರ ಹೆಸರು?" ಎಂದರೆ ನನ್ನ ಭುಜಕ್ಕೆ ತಿವಿಯುತ್ತಿದ್ದಳು. ನಾನು ಬಾಪನ ಹೆಸರು ಹೇಳುವಾಗ ಆಚೆ ನೋಡುತ್ತಿದ್ದಳು. ಮಕ್ಕಳಿದ್ದವರು 'ರಫೀಕನ ಅಪ್ಪ' ಎಂದು ಹೇಗೋ ಪಾರಾಗುತ್ತಾರೆ. ಅಕ್ಕನಿಗೆ ಮಕ್ಕಳಾಗಲಿಲ್ಲ. ಎಷ್ಟೋ ವರ್ಷ ಅವಳ ಬಾಯಲ್ಲಿ ಗಂಡನಿಗೆ ಇದ್ದದ್ದು 'ಓಯ್' ಒಂದೇ. ಭಾವ ಸೊಕೊಲೋವ್ ಆದ ದಿನ ಅವಳು ಅಡುಗೆಮನೆಯಿಂದ ತಮಾಷೆಗೆಂದು ಹಾಗೆ ಕರೆದಳಂತೆ. ಅವರು ಬಂದು ನಿಂತರಂತೆ.

"ಮನುಷ್ಯನನ್ನು ಹೆಸರು ಹಿಡಿದು ಕರೆಯುವುದು ಎಷ್ಟು ಖುಷಿ ಗೊತ್ತುಂಟಾ?" ಎಂದಳು. "ನಿಮಗೆ ಗಂಡಸರಿಗೆ ಅದು ಪುಕ್ಕಟೆ ಸಿಗ್ತದೆ."

ನನಗೆ ಸಂಕಟವಾಯಿತು. ನಾನು ನನ್ನ ಹೆಂಡತಿಯ ಹೆಸರನ್ನು ದಿನಕ್ಕೆ ನೂರು ಸಲ, ಹೆಚ್ಚಾಗಿ ಚಪ್ಪಲಿ ಎಲ್ಲಿದೆ ಎಂದು ಕೇಳಲು ಕರೆಯುತ್ತೇನೆ.

ಯಾರ್ಡ್: ಒಂದು ಕೊಕ್ಕೆ, ಒಂದು ಸ್ವರ

ಯಾರ್ಡಿನ ಕ್ಯಾಬಿನ್ನಿನಲ್ಲಿ ನೂರಾ ಸಿಕ್ಕಿದಳು. ಕಪ್ಪು ತಲೆವಸ್ತ್ರದ ಮೇಲೆ ಬಿಳಿ ಹೆಲ್ಮೆಟ್. ನನ್ನ ಕಣ್ಣು ಹೋದದ್ದು ಅವಳ ಕನ್ನಡಕಕ್ಕೆ. ಎಡಗಡೆಯ ಕಡ್ಡಿ ಸಡಿಲಾಗಿ, ಅವಳು ಮಾತಿಗೊಮ್ಮೆ ಅದನ್ನು ಮೇಲೆ ದೂಡುತ್ತಿದ್ದಳು. ನಾನು ಕಿಸೆಯಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು, ಕೇಳಿ ಪಡೆದು, ಬಿಗಿ ಮಾಡಿಕೊಟ್ಟೆ. ಅವಳಿಗೆ ಸಂತೋಷವಾಗಿ ಗಾವಾ ಎಂಬ ಅರಬ್ಬಿ ಕಾಫಿ ಸುರಿದಳು. ಏಲಕ್ಕಿಯ ಘಮ, ಬೆರಳುದ್ದದ ಬಟ್ಟಲು. ಕುಡಿದು ಮುಗಿಸಿದೆ. ಮತ್ತೆ ಸುರಿದಳು. ಮುಗಿಸಿದೆ. ಮತ್ತೆ ಸುರಿದಳು. ಎಲೆಯಲ್ಲಿ ಬಿಟ್ಟರೆ ಬಡಿಸಿದವರಿಗೆ ಅವಮಾನ ಎಂದು ಬೆಳೆದ ನಾನು ಬಟ್ಟಲ ಮೇಲೆ ಬಟ್ಟಲು ಖಾಲಿ ಮಾಡಿ ಎದೆ ಢವಗುಟ್ಟುವ ಹೊತ್ತಿಗೆ ಭಾವ, "ಬಟ್ಟಲು ಅಲುಗಾಡಿಸು ಮಾರಾಯ, ಇಲ್ಲದಿದ್ದರೆ ಇವರು ನಿಲ್ಲಿಸುವುದಿಲ್ಲ," ಎಂದರು. ಅಲುಗಾಡಿಸಿದೆ, ನಿಂತಿತು. ಈ ದೇಶದಲ್ಲಿ ಎಲ್ಲದಕ್ಕೂ ನಿಲ್ಲಿಸುವ ಸಂಜ್ಞೆ ಗೊತ್ತಿರಬೇಕು ಎಂದುಕೊಂಡೆ.

ನೂರಾ ಯಾರ್ಡಿನ ಹಿಂದಿ-ಉರ್ದು ಕಲಿತಿದ್ದಳು. ಸೊಕೊಲೋವ್ ಎಂದರೆ ಗಿಡುಗದಿಂದ ಬಂದ ಮನೆತನದ ಹೆಸರಂತೆ, ತನ್ನ ಅಜ್ಜನೂ ಗಿಡುಗ ಸಾಕುತ್ತಿದ್ದರು ಎಂದಳು. ಆ ದಿನ ಅವಳ ಪರೀಕ್ಷೆ. ಸಾಲಾಗಿ ನಿಲ್ಲಿಸಿದ ಕಂಟೇನರುಗಳ ಈಚೆಯಿಂದ ಒಂದು ಹಳೆಯ ಕಬ್ಬಿಣದ ಟ್ಯಾಂಕನ್ನು ಎತ್ತಿ ಆಚೆ, ಮರದ ದಿಮ್ಮಿಗಳ ಮೇಲೆ ಕೂರಿಸಬೇಕು. ಕ್ರೇನಿನಲ್ಲಿ ಗುಲ್ ಖಾನ್, ಪೇಶಾವರದ ಕಡೆಯ ಹಿರಿಯ ಚಾಲಕ. ಅವನಿಗೆ ಆಚೆ ಕಡೆ ಕಾಣುವುದಿಲ್ಲ.

"ಇವತ್ತು ಚಾನೆಲ್ಲಿನಲ್ಲಿ ನಿನ್ನನ್ನು ಲಿಫ್ಟ್ ಒನ್ ಅಂತ ಕರೆಯುವಾ," ಎಂದರು ಭಾವ. ನೂರಾಳ ಮುಖ ಸಣ್ಣದಾಯಿತು. ಒಂದು ಎನ್ನುವುದು ಹೆಸರೇ ಅಲ್ಲ ಎಂದು ಮೆಲ್ಲಗೆ ಹೇಳಿ ಹೊರಗೆ ಹೋದಳು. ಗುಲ್ ಖಾನ್ ಕ್ರೇನ್ ಏರುವ ಮುಂಚೆ ಭಾವನ ಹತ್ತಿರ ಬಂದು, "ಹಮೀದ್ ಭಾಯ್, ದೇನಾ ಹೈ ತೋ ದೇ ದೋ. ಏಕ್ ಹುಕ್, ಏಕ್ ಆವಾಜ್," ಎಂದ. ಕೊಡುವುದಾದರೆ ಕೊಟ್ಟುಬಿಡು, ಒಂದು ಕೊಕ್ಕೆಗೆ ಒಂದೇ ಸ್ವರ. ಭಾವ ತಲೆ ತಗ್ಗಿಸಿ ಕ್ಯಾಬಿನ್ನಿನ ಮೆಟ್ಟಿಲ ಕಡೆ ನಡೆದರು.

ಟ್ಯಾಂಕ್ ಎದ್ದಿತು. ಅಕ್ಕನೂ ನಾನೂ ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಭಾವನ ಪಕ್ಕದಲ್ಲಿದ್ದೆವು. ಅವರ ಕೈಯಲ್ಲಿ ವಾಕಿಟಾಕಿ. ಕಂಟೇನರುಗಳ ನಡುವಿನ ಸಂದಿನಿಂದ ನಮಗೆ ಆಚೆ ಕಡೆ ಅರೆಬರೆ ಕಾಣುತ್ತಿತ್ತು. ನೂರಾಳ ಸ್ವರ ಸ್ವಲ್ಪವೂ ಏರುಪೇರಿಲ್ಲದೆ ಬರುತ್ತಿತ್ತು. ಟ್ಯಾಂಕ್ ಕಂಟೇನರುಗಳನ್ನು ದಾಟಿತು. "ನೀಚೆ, ನೀಚೆ, ನೀಚೆ." ಕೆಳಗೆ, ಕೆಳಗೆ ಎನ್ನುವ ಆ ಸ್ವರಕ್ಕೆ ಟ್ಯಾಂಕ್ ಇಳಿಯುತ್ತ ಬಂತು. ಸ್ವರ ನಿಂತಿತು, ಟ್ಯಾಂಕೂ ನಿಂತಿತು. ಸಮುದ್ರದ ಕಡೆಯಿಂದ ಗಾಳಿ ಎದ್ದಿತು. ಗುಲ್ ಖಾನನಿಗೆ ಗಾಳಿಯ ಚಿಂತೆ. ಹಳೆಯ ರೂಢಿಯಲ್ಲಿ ಅವನ ಬಾಯಿಂದ ಬಂದೇಬಿಟ್ಟಿತು. "ಸೊಕೊಲೋವ್, ಕಿತ್ನಾ ಬಾಕೀ?"

ಎಷ್ಟು ಬಾಕಿ ಎಂದು ಕೇಳಿದ್ದು ನೂರಾಳನ್ನು. ಕರೆದದ್ದು ಭಾವನನ್ನು.

ಭಾವನ ಹೆಬ್ಬೆರಳು ತಾನಾಗಿಯೇ ಗುಂಡಿ ಒತ್ತಿತು. "ಏಕ್ ಮೀಟರ್. ನೀಚೆ, ನೀಚೆ."

ಟ್ಯಾಂಕ್ ಇಳಿಯತೊಡಗಿತು. ಕೆಳಗೆ ಒಂದು ದಿಮ್ಮಿ ಓರೆಯಾಗಿದೆಯೆಂದು ಇಬ್ಬರು ಕೆಲಸಗಾರರು ಬಗ್ಗಿ ಅದನ್ನು ಸರಿಪಡಿಸುತ್ತಿದ್ದರು. ನೂರಾ ಸ್ವರ ನಿಲ್ಲಿಸಿದ್ದೇ ಅದಕ್ಕಾಗಿ. ಭಾವ ನಿಂತ ಕಡೆಯಿಂದ ಅದು ಕಾಣುತ್ತಿರಲಿಲ್ಲ.

"ಬಂದ್! ಬಂದ್! ಬಂದ್!"

ನೂರಾಳ ಕೂಗು ವಾಕಿಟಾಕಿ ಇಲ್ಲದೆಯೂ ನಮ್ಮ ತನಕ ಕೇಳಿಸಿತು. ಗುಲ್ ಖಾನನ ಕೈ ನಿಂತಿತು. ಟ್ಯಾಂಕ್ ಆ ಇಬ್ಬರ ಹೆಲ್ಮೆಟ್ಟಿನ ಮೇಲೆ ಮೆಲ್ಲಗೆ ತೂಗುತ್ತಿತ್ತು. ಅವರು ಅಂಗಾಲು ಸುಟ್ಟವರಂತೆ ಹೊರಗೆ ಹಾರಿದರು. ಅಕ್ಕ ನನ್ನ ತೋಳು ಹಿಡಿದ ಬಿಗಿಗೆ ಆಮೇಲೆ ಎರಡು ದಿನ ಅಲ್ಲಿ ನೀಲಿ ಗುರುತಿತ್ತು.

ಚಾನೆಲ್ಲಿನಲ್ಲಿ ನೂರಾ ಕೇಳಿದಳು. "ಕೌನ್ ಬೋಲಾ?" ಯಾರು ಮಾತಾಡಿದ್ದು?

ಮಾತಾಡಿದ್ದು ಯಾರೆಂದು ಎಲ್ಲರಿಗೂ ಗೊತ್ತಿತ್ತು. ಭಾವನ ಮುಖ ಸುಣ್ಣದ ಗೋಡೆಯಂತಾಗಿತ್ತು. ಅವರು ವಾಕಿಟಾಕಿಯನ್ನು ಒಮ್ಮೆ ನೋಡಿದರು, ಅಕ್ಕನನ್ನು ಒಮ್ಮೆ ನೋಡಿದರು. ಆಮೇಲೆ ಗುಂಡಿ ಒತ್ತಿದರು.

"ಸೊಕೊಲೋವ್, ಸೊಕೊಲೋವ್. ಮೈಂ ಹಮೀದ್. ಗಲತೀ ಮೇರೀ. ಚಾನೆಲ್ ಆಪ್ ಕಾ." ನಾನು ಹಮೀದ್, ತಪ್ಪು ನನ್ನದು, ಚಾನೆಲ್ ನಿಮ್ಮದು.

ಅವರು ಕರೆಯುತ್ತಿರುವುದು ಯಾರನ್ನು ಎಂದು ಅರ್ಥವಾಗಲು ಯಾರ್ಡಿಗೆಲ್ಲ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನೂರಾಳ ಸ್ವರ ಬಂತು. ಈ ಸಲ ಸ್ವಲ್ಪ ನಡುಗಿತು. "ಸೊಕೊಲೋವ್ ಸುನ್ ರಹೀ ಹೈ." ಸೊಕೊಲೋವ್ ಕೇಳುತ್ತಿದ್ದಾಳೆ.

"ಸೊಕೊಲೋವ್, ಗುಲ್ ಖಾನ್ ತಯಾರ್," ಎಂಬ ಸ್ವರ ಕ್ರೇನಿನಿಂದ ಬಂತು.

ಭಾವ ವಾಕಿಟಾಕಿಯನ್ನು ತಿರುಪು ತಿರುಗಿಸಿ ಟಕ್ಕೆಂದು ಆರಿಸಿ ಕಿಸೆಗೆ ಹಾಕಿಕೊಂಡರು. ಆಚೆ "ನೀಚೆ, ನೀಚೆ, ನೀಚೆ" ಶುರುವಾಯಿತು. ಟ್ಯಾಂಕ್ ದಿಮ್ಮಿಗಳ ಮೇಲೆ ಮೊಟ್ಟೆಗೆ ಕೂತ ಕೋಳಿಯಂತೆ ಕೂತಿತು. ಹೆಸರು ಕೊಡುವ ದಿನಕ್ಕೆಂದು ಅಕ್ಕ ಮೊದಲೇ ತರಿಸಿಟ್ಟಿದ್ದ ಸಿಹಿಯ ಡಬ್ಬಿ ಕಾರಿನಲ್ಲಿಯೇ ಉಳಿಯಿತು. ಅದರ ನೆನಪು ಯಾರಿಗೂ ಆಗಲಿಲ್ಲ.

ರಾಬಿಗ್: ಕಡಲ ದಂಡೆ

ಆ ಸಂಜೆ ಅಕ್ಕ ಸಾರು ಬಡಿಸುವಾಗ ಭಾವನ "ಹಾಕು, ಹಾಕು" ಬರಲಿಲ್ಲ. ಸೌಟು ಗಾಳಿಯಲ್ಲೇ ಕಾದು ವಾಪಸು ಹೋಯಿತು.

ಮರುದಿನ ಸಾಯಂಕಾಲ ಅಕ್ಕನೇ ನಮ್ಮಿಬ್ಬರನ್ನು ಹೊರಡಿಸಿ ಸಮುದ್ರದ ದಂಡೆಗೆ ಕರೆತಂದಳು. ಅಲ್ಲಿ ಸೌದಿ ಕುಟುಂಬಗಳು ಮನೆಯನ್ನೇ ಹೊತ್ತು ತಂದಂತೆ ಕಂಬಳಿ, ದಿಂಬು, ಫ್ಲಾಸ್ಕು ಹರಡಿ ಕೂತಿದ್ದವು. ನಾವು ಬರುವುದು ಕಡಲು ನೋಡಲು, ಇವರು ಬರುವುದು ಕಡಲ ಎದುರು ಸಂಸಾರ ಮಾಡಲು. ಪಕ್ಕದ ಕಂಬಳಿಯ ಅಜ್ಜಿ ಕೇಳದೆಯೇ ಒಂದು ತಟ್ಟೆ ಖರ್ಜೂರ ಕಳಿಸಿದರು. ನಾವು ಆ ಸಿಹಿಯ ಡಬ್ಬಿಯನ್ನು ಅವರಿಗೆ ಕೊಟ್ಟೆವು.

ಭಾವ ಎದ್ದು ನೀರಿನ ಅಂಚಿನ ತನಕ ಹೋಗಿ ಬೆನ್ನು ಹಾಕಿ ನಿಂತರು. ಅಕ್ಕ ಮೂರು ಲೋಟಕ್ಕೆ ಚಾ ಸುರಿದಳು. ಕರೆಯಲು ಬಾಯಿ ತೆರೆದಳು. "ಸೊ..." ಎಂದವಳು ತುಟಿ ಕಚ್ಚಿಕೊಂಡಳು.

ಮತ್ತೆ 'ಓಯ್' ಎನ್ನುತ್ತಾಳೆ ಎಂದು ನಾನು ಕಾದೆ. ಬೇಕಾದರೆ ನಾನೇ ಕರೆಯುತ್ತೇನೆ ಎಂದು ಏಳಲು ಹೊರಟೆ. ಅಕ್ಕ ನನ್ನ ಭುಜ ಒತ್ತಿ ಕೂರಿಸಿದಳು. ಎದ್ದು ನಿಂತಳು, ತಲೆಯ ವಸ್ತ್ರ ಸರಿಮಾಡಿಕೊಂಡಳು, "ಆಯುಷ್ಯ ಕೊಡುವವನು ಅಲ್ಲಾಹ್, ಅಲ್ವಾ ಅಜೀಜ?" ಎಂದಳು. ಆಮೇಲೆ ಕೂಗಿದಳು.

"ಹಮೀದ್!"

ಭಾವನ ಬೆನ್ನು ಸೆಟೆಯಿತು.

"ಹಮೀದ್, ಹಮೀದ್!"

ಭಾವ ತಿರುಗಿದರು. ಅಷ್ಟು ದೂರದಿಂದಲೂ ಅವರು ಬಾಯಿ ತೆರೆದುಕೊಂಡು ನಿಂತದ್ದು ಕಾಣಿಸಿತು. ಆಮೇಲೆ ಎರಡೂ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದರು. "ಹಮೀದ್ ಕೇಳ್ತಾ ಉಂಟು!"

"ಚಾ ತಣಿಯುತ್ತದೆ. ಬನ್ನಿ, ಬನ್ನಿ, ಬನ್ನಿ, ಬನ್ನಿ..."

ಭಾವ ನಡೆಯತೊಡಗಿದರು. ಅರ್ಧ ದಾರಿಗೆ ಬರುವಾಗ ಅಕ್ಕನಿಗೆ ಅಳುವೋ ನಗುವೋ ಉಕ್ಕಿ ಬಂದು ಸ್ವರ ನಿಂತಿತು. ಭಾವನೂ ನಿಂತರು. ಮುಂದಿಟ್ಟ ಒಂದು ಕಾಲು ಮರಳಿನಲ್ಲಿ, ಇನ್ನೊಂದು ಕಾಲು ಗಾಳಿಯಲ್ಲಿ. ಖರ್ಜೂರದ ಅಜ್ಜಿ ದಿಂಬಿನಿಂದ ಎದ್ದು ಕೂತು ನೋಡಿದರು.

ಅಕ್ಕ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡು ಮತ್ತೆ ಶುರು ಮಾಡಿದಳು. "ಬನ್ನಿ, ಬನ್ನಿ, ಬನ್ನಿ..." ಭಾವ ಕಂಬಳಿಯ ಅಂಚಿಗೆ ಬಂದು ತಲುಪುವ ತನಕ ಅವಳು ನಿಲ್ಲಿಸಲಿಲ್ಲ.